ಉಡಿಯೊಳಗಿನ ಕೈ

ಗೋಡೆಯ ಮೇಲಿನ ಆ ಹೆಣ್ಣಿಗೆ ಮುಖವೇ ಇಲ್ಲ, ಕುತ್ತಿಗೆಯಿಂದ ತೊಡೆಯವರೆಗೆ ಮಾತ್ರ ಚಿತ್ರ, ಹೊಟ್ಟೆ ತೊಳೆದಿಟ್ಟ ಹಿತ್ತಾಳೆ ತಾಟಿನಂತೆ ಚಪ್ಪಟೆ, ಎಂದಾದರೂ ಹೊಟ್ಟೆ ತುಂಬ ಉಂಡಿದ್ದಾಳೋ ಇಲ್ಲವೋ, ಯಾರ ಮಗಳೋ, ಇವಳನ್ನು ಹೀಗೆ ಆಸ್ಪತ್ರೆಯ ಗೋಡೆಗೆ ತೂಗುಹಾಕಲು ಇವಳ ಅವ್ವ ಒಪ್ಪಿದಳೇ — ಒಪ್ಪಿರುತ್ತಾಳೆ, ಅವ್ವಂದಿರು ಒಪ್ಪುತ್ತಾರೆ, ನಾನು ಒಪ್ಪಿಲ್ಲವೇ, ಆ ಬಾಗಿಲ ಹಿಂದೆ ನನ್ನ ವಿಜಯಲಕ್ಷ್ಮಿ ಹಸಿರು ಅಂಗಿ ತೊಟ್ಟು ಮಲಗಿದ್ದಾಳೆ, ಇಪ್ಪತ್ತಾರು ವರ್ಷದವಳು, ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಅವಳ ಹೊಟ್ಟೆಯ ಕೊಬ್ಬನ್ನು ಲೇಸರ್‌ನಿಂದ ಕರಗಿಸಿ ಸಣ್ಣ ನಳಿಕೆಯಲ್ಲಿ ಹೀರಿ ತೆಗೆಯುತ್ತಾರಂತೆ, ಬೆಣ್ಣಿ ಕಾಸಿದಂಗ ಕರಗತೈತ್ರಿ ಅವ್ವಾರ, ಏನೂ ಹೆದರಬ್ಯಾಡ್ರಿ, ಎಂದು ನಕ್ಕ ಆ ಡಾಕ್ಟರ, ಬೆಣ್ಣೆ ಕಾಸುವುದನ್ನು ನೀನು ನೋಡಿದ್ದೀಯೇನಪ್ಪ, ಅದಕ್ಕೆ ಯಾರ ಮೈಗೂ ಸೂಜಿ ಚುಚ್ಚಬೇಕಾಗುವುದಿಲ್ಲ. ಇಂಡಿ ಊರಿನ ಮನೆಯಲ್ಲಿ ಮೂವತ್ತು ವರ್ಷ ಬೆಣ್ಣೆ ಕಾಸಿದವಳು ನಾನು, ಆ ತುಪ್ಪವೆಲ್ಲ ಎಲ್ಲಿಗೆ ಹೋಯಿತು, ಈ ಹುಡುಗಿಯ ರೊಟ್ಟಿಯ ಮೇಲೆ, ಇನ್ನೊಂದ ತಿನ್ನ ವಿಜಿ, ಸಾಕಬೇ ಅವ್ವಾ, ತಿನ್ನ ಅಂದ್ರ ತಿನ್ನ, ಪರೀಕ್ಷೆ ಅಂತ ಅಂಟಿನ ಉಂಡಿ, ನೌಕರಿ ಆಯಿತು ಅಂತ ಶೇಂಗಾ ಹೋಳಿಗೆ, ಆಗ ಯಾರೂ ಬೇಡ ಅನ್ನಲಿಲ್ಲ, ಮೈ ತುಂಬಿಕೊಂಡಾಳ ನೋಡ್ರಿ ಅಂತ ಓಣಿಯ ಹೆಂಗಸರೇ ದೃಷ್ಟಿ ತೆಗೆದರು, ಈಗ ಅದೇ ಮೈಗೆ ಮದ್ದು ಹುಡುಕಿಕೊಂಡು ವಿಜಯಪುರದ ಈ ತಣ್ಣನೆಯ ಕೋಣೆಯಲ್ಲಿ ಕೂತಿದ್ದೇನೆ, ಇವಳ ಅಪ್ಪ ಬಸಂತರಾಯರು ಕೆಳಗೆ ಕಾರಿನಲ್ಲಿ ಕೂತು ಫೋನಿನಲ್ಲಿ ಲಿಂಬೆಹಣ್ಣಿನ ಪೇಟೆ ಧಾರಣೆ ಕೇಳುತ್ತಿದ್ದಾರೆ, ಹೆಣ್ಮಕ್ಕಳ ವಿಷಯ, ನೀವ ನೋಡ್ಕೋರಿ, ಅಂದರು, ಅವರಿಗೆ ಎಷ್ಟು ಸಲೀಸು.

ಎಲ್ಲ ಶುರುವಾದದ್ದು ಆ ಸಿಂದಗಿಯವಳಿಂದ, ರುಕ್ಮವ್ವ, ಹುಡುಗ ಅಮಿತನ ಅವ್ವ, ನಾಳೆ ನನ್ನ ಬೀಗತಿ ಆಗುವವಳು, ಹುಡುಗಿ ನೋಡಲು ಬಂದ ದಿನ ಚಹಾ ಆಯಿತು, ಮಾತಾಯಿತು, ಒಪ್ಪಿಗೆ ಅನ್ನುವಂತೆ ಉಡಿ ತುಂಬಲು ಮುಂದಾದಳು, ವಿಜಿ ಸೆರಗು ಒಡ್ಡಿದಳು, ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಹಾಕಿ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದರೆ ಮುಗಿಯಿತು, ಯಾರಾದರೂ ಮಾಡುವುದು ಅಷ್ಟೇ, ಆದರೆ ಇವಳು ಎರಡು ಹಿಡಿ ಹಾಕಿ ನಿಲ್ಲಿಸಿದಳು, ಸಿಕ್ಕಿಸುವ ನೆಪದಲ್ಲಿ ಕೈ ಸೆರಗಿನ ಒಳಗೆ ಹೋಯಿತು, ಹೋದ ಕೈ ಬೇಗ ಬರಲಿಲ್ಲ, ಬಟ್ಟೆಯ ಮೇಲಿಂದಲೇ ನನಗೆ ಕಾಣುತ್ತಿತ್ತು, ಬೆರಳುಗಳು ಹೊಟ್ಟೆಯನ್ನು ಹಿಡಿದು ನೋಡುತ್ತಿದ್ದವು, ಪೇಟೆಯಲ್ಲಿ ಬದನೆಕಾಯಿ ಹಿಸುಕಿ ನೋಡುತ್ತಾರಲ್ಲ ಹಾಗೆ, ಆಮೇಲೆ ನನ್ನ ಕಡೆ ತಿರುಗಿ ನಕ್ಕಳು, ಉಡಿ ನಾ ತುಂಬೂಕಿಂತ ಮೊದಲ ತುಂಬೇತಲ್ರಿ ಬೀಗರ, ನಮ್ಮ ಅಕ್ಕಿಗಿ ಜಾಗಾ ಎಲ್ಲೈತ್ರಿ, ಪಡಸಾಲೆ ತುಂಬ ಹೆಂಗಸರು ಕಿಸಕ್ಕನೆ ನಕ್ಕರು, ವಿಜಿ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತಳು, ಆ ಉಸಿರನ್ನು ಬಿಟ್ಟದ್ದು ಅವರ ಗಾಡಿ ಓಣಿ ದಾಟಿದ ಮೇಲೆ, ಮತ್ತು ನಾನು — ನಾನೂ ನಕ್ಕೆ, ಬೀಗರ ಮುಂದೆ ಮುಖ ಗಂಟು ಹಾಕಬಾರದು ಅಂತ ಎಲ್ಲರಿಗಿಂತ ಜೋರಾಗಿ ನಕ್ಕೆ, ಉಂಡ ಮನೀ ಹುಡುಗಿ ಐತ್ರಿ ಅಕ್ಕಾರ, ಅಂದೆ, ಹಾಗೆ ನಕ್ಕ ಹಲ್ಲುಗಳು ಈಗಲೂ ನನ್ನ ಬಾಯಿಯಲ್ಲೇ ಇವೆ. ಆ ಅಮಿತ, ಅವನ ಅಂಗಿಯ ಎರಡು ಗುಂಡಿಗಳ ನಡುವೆ ಬನಿಯನ್ ಇಣುಕುತ್ತಿತ್ತು, ಮೂರು ಬಟ್ಟಲು ಸಜ್ಜಕ ಉಂಡು ತೇಗಿದ, ಅವನ ಸೊಂಟಕ್ಕೆ ಯಾರು ಕೈ ಹಾಕಿ ನೋಡಿದರು, ನಾನು ನೋಡಬಹುದಿತ್ತು, ನೋಡಿ ರುಕ್ಮವ್ವನಿಗೆ ಹೇಳಬಹುದಿತ್ತು, ನಿಮ್ಮ ಹುಡುಗನ್ನೂ ಒಂದೀಟ ಇಳಿಸ್ಕೊಂಡ ಬರ್ರಿ ಅಂತ, ಹೇಳಲಿಲ್ಲ. ಎಂಟು ದಿನಕ್ಕೆ ಸುದ್ದಿ ಬಂತು, ಹುಡುಗಿ ಛಲೋ ಅದಾಳ, ಲಗ್ನಕ್ಕ ಮೊದಲ ಮೈ ಸ್ವಲ್ಪ ಇಳಿಸ್ಕೊಂಡ್ರ ಎಲ್ಲಾ ಪಸಂದ ಐತಿ. ರೊಟ್ಟಿ ಬಡಿಯುವಾಗ ವಿಜಿ ಬಂದು ಕಟ್ಟೆಗೆ ಆತು ನಿಂತಳು, ಅವ್ವಾ, ಆ ಮನಿ ನನಗ ಬ್ಯಾಡ, ಅಷ್ಟೇ ಅಂದಳು, ನಾನು ಬಡಿಯುವುದನ್ನು ನಿಲ್ಲಿಸಲೂ ಇಲ್ಲ, ಹೊಟ್ಟಿ ಕರಗಿಸಾಕ ಬರತೈತಿ ವಿಜಿ, ವಯಸ್ಸ ಕರಗಿಸಾಕ ಬರೂದಿಲ್ಲ, ಅಂದೆ, ಎಲ್ಲಿತ್ತೋ ಆ ಮಾತು, ನನ್ನ ಅತ್ತೆಯೂ ನನಗೆ ಅಂಥದ್ದು ಆಡಿರಲಿಲ್ಲ, ವಿಜಿ ತವೆಯ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನು ನೋಡಿದಳು, ನಿನ್ನ ಇಷ್ಟ, ಎಂದು ಹೋದಳು, ಅಂದಿನಿಂದ ತುಪ್ಪ ಹಚ್ಚಿಕೊಂಡಿಲ್ಲ, ನನ್ನ ಜೊತೆ ಕೂತು ಉಂಡಿಲ್ಲ.

ಬೆಳಿಗ್ಗೆ ಡಾಕ್ಟರ ಕೇಳಿದ, ನಿಮಗ ಬೇಕಂತ ಮಾಡಸಾಕತ್ತೀರಿ, ಹೌದಿಲ್ಲೋ ಮೇಡಂ, ವಿಜಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು, ತರಗತಿಯಲ್ಲಿ ಲೆಕ್ಕ ಕೊಟ್ಟು ಉತ್ತರಕ್ಕೆ ಕಾಯುವ ಹಾಗೆ ಕಾದಳು, ಬೇಡ ಅನ್ನಲು ನನಗೆ ಅಷ್ಟು ಹೊತ್ತು ಇತ್ತು, ಎಷ್ಟೋ ಹೊತ್ತು ಇತ್ತು, ಹೌದ್ರಿ, ಆಕೀದ ಆಸೇರಿ, ಅಂದವಳು ನಾನು, ಅವಳು ಪೆನ್ನು ತೆಗೆದುಕೊಂಡು ಸಹಿ ಮಾಡಿದಳು, ಮಕ್ಕಳ ಹಾಜರಿಗೆ ಹಾಕುವಂಥ ದುಂಡು ಸಹಿ, ಮಂಚದ ಮೇಲೆ ಮಲಗಿ ಅಂಗಿ ಮೇಲೆತ್ತಿದಳು, ಅವನು ನೀಲಿ ಪೆನ್ನಿನಿಂದ ಹೊಟ್ಟೆಯ ಮೇಲೆ ಸುತ್ತು ಗೆರೆ ಎಳೆಯತೊಡಗಿದ, ಹೊಲಕ್ಕೆ ಬದು ಹಾಕಿದ ಹಾಗೆ, ಈ ಗೆರಿ ಒಳಗಿಂದ ತಗೀತೇವ್ರಿ — ಬೇಡ, ಅದನ್ನು ಈಗ ನೆನೆಯಬಾರದು, ಈ ಎಸಿ ಯಾಕಿಷ್ಟು ಚಳಿ, ಬಾಗಿಲು ತೆರೆಯಿತು, ನರ್ಸಮ್ಮ, ಪೇಶಂಟ ಎಚ್ಚರ ಇರ್ತಾರ್ರಿ, ಬರೇ ಹೊಟ್ಟಿಗಷ್ಟ ಜೋಮ ಹಿಡಸ್ತಾರ, ಮನೆಯವ್ರು ಒಬ್ಬರು ಬಾಜೂಕ ಕುಂಡ್ರಬಹುದ್ರಿ, ನಾನು ಆಗಲೇ ಎದ್ದೆ, ಚಪ್ಪಲಿಯನ್ನೂ ಬಿಟ್ಟೆ, ಕೈ ಹಿಡಿದು ಕೂರುತ್ತೇನೆ, ಸಾಕು ಏಳ ವಿಜಿ ಮನಿಗಿ ಹೋಗೂಣು ಅನ್ನುತ್ತೇನೆ, ಅನ್ನುತ್ತೇನೆ, ನೀವು ಅವ್ವಾರೇನ್ರಿ, ಹೌದವ್ವ, ನರ್ಸಮ್ಮ ನೆಲ ನೋಡಿದಳು, ಬ್ಯಾರೆ ಯಾರ ಹೆಣ್ಮಕ್ಕಳು ಬಂದಿಲ್ಲೇನ್ರಿ, ಯಾರ ಬಂದ್ರೂ ನಡೀತೈತಿ, ಅವ್ವ ಒಬ್ಬಾಕಿ ಬ್ಯಾಡ ಅಂತ ಪೇಶಂಟ ಅಂದಾರ್ರಿ, ಬಾಗಿಲು ಮುಚ್ಚಿತು. ಅವ್ವ ಒಬ್ಬಾಕಿ ಬ್ಯಾಡ. ಬರಿಗಾಲಿಗೆ ಫರಸಿಯ ನೆಲ ಕೊರೆಯುತ್ತಿದೆ, ಅವಳು ಯಾಕೆ ಅಂದಳೆಂದು ನನಗೆ ಗೊತ್ತು, ಗೆರೆ ಎಳೆದು ಅವನು ಪೆನ್ನು ಮುಚ್ಚುವಾಗ ನಾನೇ ಮುಂದೆ ಬಾಗಿದ್ದೆ, ಇಲ್ಲಿ ಬಿಟ್ರಲ್ರಿ ಡಾಕ್ಟರ, ಇದೀಟ, ಅಂತ ಗೆರೆಯ ಹೊರಗೆ ಕೈ ಹಾಕಿ ಅವಳ ಹೊಟ್ಟೆ ಹಿಡಿದು ಎತ್ತಿ ತೋರಿಸಿದ್ದೆ, ವಿಜಿ ಉಸಿರು ಬಿಗಿಹಿಡಿದಳು, ನಾನು ಕೈ ತೆಗೆದ ಮೇಲೂ ಬಿಡಲಿಲ್ಲ, ಬಿಳೀ ಚರ್ಮದ ಮೇಲೆ ಎರಡು ಕೆಂಪು ಗುರುತು, ಒಂದು ಹೆಬ್ಬೆರಳಿನದು, ಒಂದು ತೋರುಬೆರಳಿನದು, ಡಾಕ್ಟರ ಮತ್ತೆ ಪೆನ್ನು ಬಿಚ್ಚಿ ಅವೆರಡನ್ನೂ ಒಳಗೆ ಸೇರಿಸಿ ಹೊಸ ಗೆರೆ ಎಳೆದ, ಎರಡು ಕೆಂಪು ಗುರುತು, ಸುತ್ತ ನೀಲಿ ಗೆರೆ, ಎರಡು ಕೆಂಪು ಗುರುತು —