ಡಬ್ಬಿಯಲ್ಲಿದ್ದ ತೊಂಬತ್ನಾಲ್ಕು ನಟ್ಟು

ನಮ್ಮ ಅತ್ತೆಗೆ ಕೋಪ ಬರುವುದು ಅಪರೂಪ. ಬಂದರೆ ಮಾತ್ರ ನ್ಯಾಯವಾಗಿಯೇ ಬರುತ್ತದೆ, ಅದೇ ಕಷ್ಟ. ನನ್ನ ಕೋಪ ಹಾಗಲ್ಲ, ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ಎದ್ದು ಕೂತಿರುತ್ತದೆ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಸೈಕಲ್ ಬೆಲ್ ಜೋಡಿಸುವ ಕೆಲಸದಲ್ಲಿದ್ದೇವೆ. ನಾನು ಮೇಜಿನ ಮುಂದೆ ಕೂತು ಸ್ಪ್ರಿಂಗ್ ಕೂರಿಸಿ ಮೇಲಿನ ಬಟ್ಟಲು ಬಿಗಿಯುತ್ತೇನೆ. ಅತ್ತೆ ಆಚೆ ಗೋಡೆಯ ಕಪಾಟಿನಿಂದ ಬಿಡಿಭಾಗಗಳ ತಟ್ಟೆಗಳನ್ನು ನಮ್ಮ ಆರು ಜನಕ್ಕೂ ಹೊತ್ತು ತರುತ್ತಾರೆ. ತಂದು ತಂದು ಅವರ ಮಂಡಿ ಸವೆದಿದೆ. ಸಂಜೆ ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತರೆ ಊಟದ ತನಕ ಏಳುವುದಿಲ್ಲ. ಆದರೂ ಕೆಲಸ ಬಿಡಿ ಎಂದರೆ ಕೇಳುವವರಲ್ಲ. ಮಾವ ಹೋದ ಮೇಲೆ ಅವರನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಕೆಲಸವೇ.

ಆ ಸೋಮವಾರ ತರಬೇತಿ ಕೊಡಲು ಒಬ್ಬರು ಮೇಡಂ ಬಂದರು. ಕೊರಳಲ್ಲಿ ಸ್ಟಾಪ್‌ವಾಚ್ ನೇತಾಡುತ್ತಿದ್ದುದರಿಂದ ಟೀ ಹೊತ್ತಿಗೆಲ್ಲ ಅವರಿಗೆ 'ಗಡಿಯಾರದ ಮೇಡಂ' ಎಂದು ಹೆಸರು ಬಿದ್ದಿತ್ತು. ಪಾಠ ಕೇಳುತ್ತಾ ಆರಾಮಾಗಿ ಆಕಳಿಸಬಹುದು ಎಂದುಕೊಂಡಿದ್ದೆವು. ಅವರು ಪಾಠಕ್ಕೆಂದು ಹಾಕಿದ್ದ ಕುರ್ಚಿಗಳನ್ನೇ ಎತ್ತಿಸಿಬಿಟ್ಟರು.

"ಒಬ್ರು ಕೆಲ್ಸ ಮಾಡಿ, ಇನ್ನೊಬ್ರು ನೋಡಿ ಬರ್ಕೊಳ್ಳಿ. ಸುಮ್‌ಸುಮ್ನೆ ಆಗ್ತಿರೋದು ಏನಾದ್ರೂ ಕಣ್ಣಿಗೆ ಬಿದ್ರೆ ತೆಗೆದು ಹಾಕೋಣ" ಎಂದರು.

ತೆಗೆದು ಹಾಕೋಣ ಎಂದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಹೋದ ವರ್ಷ ಪಾಲಿಶ್ ಯಂತ್ರ ಬಂದಾಗ ಇಬ್ಬರನ್ನು ಮನೆಗೆ ಕಳಿಸಿದ್ದರು. ಅದರ ಮೇಲೆ, ಯಾರು ಯಾರನ್ನು ನೋಡಬೇಕೆಂದು ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದವರು ಅತ್ತೆಯೇ. ಮರುದಿನವೆಲ್ಲ ಅವರು ಕಪಾಟಿಗೆ ಹೋಗಿಬಂದಾಗಲೆಲ್ಲ ಮೇಡಂ ಕೊಟ್ಟಿದ್ದ ಕಾರ್ಖಾನೆಯ ನಕ್ಷೆಯ ಮೇಲೆ ನಾನೊಂದು ಗೆರೆ ಎಳೆಯಬೇಕು. ಮಧ್ಯಾಹ್ನದೊಳಗೆ ನಕ್ಷೆ ಕೋಳಿ ಕೆದರಿದ ತಿಪ್ಪೆಯಂತಾಯಿತು. ಯಾರು ನೋಡಿದರೂ ಈ ಓಡಾಟ ದಂಡ ಎನ್ನುವವರೇ. ಓಡಾಟ ದಂಡವಾದರೆ ಓಡಾಡುವವರ ಗತಿ? ಆ ಹಾಳೆಯನ್ನು ಹರಿದು ಜೇಬಿಗೆ ತುರುಕಿ, ಹೊಸ ಹಾಳೆಯ ಮೇಲೆ ಅಚ್ಚುಕಟ್ಟಾಗಿ ನಲವತ್ತೊಂದು ಗೆರೆ ಎಳೆದುಕೊಟ್ಟೆ.

ಸಂಜೆ ಮೇಡಂ ಎಲ್ಲರ ಲೆಕ್ಕವನ್ನೂ ಓದಿದರು. "ತಟ್ಟೆ ತರೋ ಅಮ್ಮ, ನಲವತ್ತೊಂದು ಸಲ."

"ಎಷ್ಟು?" ಎಂದರು ಅತ್ತೆ.

"ನಲವತ್ತೊಂದು."

"ಹಾಗಾದ್ರೆ ಮಿಕ್ಕ ಹೊತ್ತೆಲ್ಲಾ ನಾನು ಗೋಡೆಗೆ ಒರಗಿ ನಿದ್ದೆ ಹೊಡೀತಿದ್ನಾ?"

ಹೇಳಿದೆನಲ್ಲ, ಅವರ ಕೋಪ ನ್ಯಾಯವಾದದ್ದು. ಸೀದಾ ಕಪಾಟಿನ ಹತ್ತಿರ ಹೋಗಿ ಒಂದು ಹಳೆಯ ಡಬ್ಬಿ ತಂದರು. ಪ್ರತಿ ಸಲ ತಟ್ಟೆ ಎತ್ತುವಾಗ ಲೆಕ್ಕಕ್ಕೆಂದು ಒಂದು ಕೆಟ್ಟ ನಟ್ಟನ್ನು ಆ ಡಬ್ಬಿಗೆ ಹಾಕುವುದು, ಬೆಳಿಗ್ಗೆ ಬಂದಕೂಡಲೇ ಖಾಲಿ ಮಾಡುವುದು ಅವರ ಪದ್ಧತಿ. ಆರು ವರ್ಷದಿಂದ ನಾನು ನೋಡುತ್ತಿದ್ದ ಡಬ್ಬಿ. ಸುಳ್ಳು ಬರೆಯುವಾಗ ನನ್ನ ಮಂದ ತಲೆಗೆ ಅದೊಂದು ಹೊಳೆಯಲಿಲ್ಲ.

ಅತ್ತೆ ನಟ್ಟುಗಳನ್ನು ಮೇಜಿನ ಮೇಲೆ ಸುರಿದರು. ಎಲ್ಲರೂ ಸೇರಿ ಎಣಿಸಿದರು. ತೊಂಬತ್ನಾಲ್ಕು.

"ಈಗ ಬರ್ಕೊಳ್ಳಿ" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. ನನಗೋ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮೇಡಂ ನನ್ನನ್ನು ಬೈಯಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, "ಕಪಾಟು ಯಾಕೆ ಅಷ್ಟು ದೂರ ಇದೆ?" ಎಂದು ಕೇಳಿದರು.

"ಮೊದ್ಲು ಇಲ್ಲೇ ಇತ್ತು ಮೇಡಂ. ಮೇಲಿಂದ ನೀರು ಸೋರ್ತಿತ್ತು ಅಂತ ಅಲ್ಲಿಗೆ ಸರಿಸಿದ್ವಿ."

"ಈಗ್ಲೂ ಸೋರುತ್ತಾ?"

ನಾವೆಲ್ಲ ಒಟ್ಟಿಗೆ ತಲೆ ಎತ್ತಿ ಚಾವಣಿ ನೋಡಿದೆವು. ಶೀಟು ಬದಲಿಸಿ ನಾಲ್ಕು ವರ್ಷವಾಗಿತ್ತು. ಮೊದಲು ಮೇಸ್ತ್ರಿಯೇ ನಕ್ಕ. ಆಮೇಲೆ ಯಾರ ನಗುವೂ ನಿಲ್ಲಲಿಲ್ಲ. ನಗುನಗುತ್ತಲೇ ಎಂಟು ಜನ ಸೇರಿ ಆ ಕಪಾಟನ್ನು ನಮ್ಮ ಬೆನ್ನ ಹಿಂದಕ್ಕೆ ತಳ್ಳಿದೆವು.

ಬುಧವಾರ ಬೇಕಾದದ್ದೆಲ್ಲ ನಮ್ಮ ಕೈಗೇ ಸಿಗತೊಡಗಿತು. ಅತ್ತೆಗೆ ಕೆಲಸವೇ ಇಲ್ಲ. ಸ್ಟೂಲಿನ ಮೇಲೆ, ಹೆಣ್ಣು ನೋಡಲು ಬಂದವರ ಹಾಗೆ ಕೈಕಟ್ಟಿ ಕೂತರು. ಮೇಸ್ತ್ರಿ ಎರಡು ಸಲ ಅವರತ್ತ ನೋಡಿದ. ಎರಡು ಸಲವೂ ನನ್ನ ಕೈಯಿಂದ ಸ್ಪ್ರಿಂಗ್ ಜಾರಿತು. ಹೇಗೋ ಒಂದು ಬೆಲ್ ಮುಗಿಸಿ ಬಾರಿಸಿ ನೋಡಿದೆ.

"ಅದನ್ನ ಬಿಚ್ಚು" ಎಂದರು ಅತ್ತೆ, ತಿರುಗಿಯೂ ನೋಡದೆ.

"ಯಾಕತ್ತೆ, ಚೆನ್ನಾಗೇ ಇದ್ಯಲ್ಲ."

"ಕೊನೇಲಿ ಕೆಮ್ತು."

ಬಿಚ್ಚಿದೆ. ಸ್ಪ್ರಿಂಗಿನ ತುದಿ ಸೊಟ್ಟಗಾಗಿತ್ತು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಅತ್ತೆ ಇಂಥ ಹನ್ನೊಂದು ಬೆಲ್ ಹಿಡಿದಿದ್ದರು. ಇಷ್ಟು ದಿನ ಇವೆಲ್ಲ ಪ್ಯಾಕಿಂಗ್ ಡಬ್ಬ ಸೇರಿದ ಮೇಲೆ ಸಿಕ್ಕಿಬೀಳುತ್ತಿದ್ದವು. ವಾರಕ್ಕೆ ಅರ್ಧ ದಿನ ಡಬ್ಬ ಬಿಚ್ಚಿ ಮತ್ತೆ ಕಟ್ಟುವುದರಲ್ಲೇ ಹೋಗುತ್ತಿತ್ತು.

"ಇದನ್ನ ಮೊದ್ಲೇ ಯಾಕೆ ಹೇಳ್ತಿರ್ಲಿಲ್ಲಮ್ಮ?" ಎಂದರು ಮೇಡಂ.

"ಮೊದ್ಲು ನಾನು ಕಪಾಟಿನ ಹತ್ರ ಇರ್ತಿದ್ನಲ್ಲ. ಕೇಳ್ಸೋದೆಲ್ಲಿಂದ?"

ಮೇಸ್ತ್ರಿ ತನ್ನ ಕೋಣೆಯಿಂದ ಬೆನ್ನಿರುವ ಕುರ್ಚಿಯನ್ನು ತಾನೇ ಹೊತ್ತು ತಂದು ಮೇಜಿನ ಕೊನೆಗೆ ಹಾಕಿದ. "ನಾಳೆಯಿಂದ ಇದೇ ನಿಮ್ ಜಾಗ. ನೀವು ಹೂಂ ಅನ್ನದೆ ಒಂದು ಬೆಲ್ಲೂ ಡಬ್ಬಕ್ಕೆ ಹೋಗ್ಬಾರ್ದು" ಎಂದ. ನನಗೆ ಅಳು ಬಂತು. ಅಷ್ಟು ಖುಷಿಯಾಗಿ ನಾನು ಅತ್ತದ್ದೇ ಇಲ್ಲ.

ಸಂಜೆ ಮನೆಗೆ ಬಂದು ಅಭ್ಯಾಸಬಲದಿಂದ ನೀರು ಕಾಯಲಿಟ್ಟೆ. ಅತ್ತೆ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಬಕೆಟ್ ಆಮೇಲೆ. ನಡಿ, ಬೀದಿ ಕೊನೇವರೆಗೂ ಹೋಗ್ಬರೋಣ."

ಸೊಸೆಯಾಗಿ ಬಂದು ಆರು ವರ್ಷ, ನಾವಿಬ್ಬರೂ ಕೆಲಸವಿಲ್ಲದೆ ಜೊತೆಯಾಗಿ ನಡೆದದ್ದೇ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಅತ್ತೆ, "ಅರ್ಧ ಯಾಕೆ ಬರ್ದೆ ಅಂತ ಆಗ್ಲೇ ಗೊತ್ತಾಯ್ತು ಕಣೇ. ಆದ್ರೂ ನಾನು ನಡೆದಿದ್ದನ್ನ ನೀನು ಕಮ್ಮಿ ಮಾಡ್ಬಾರ್ದಿತ್ತು" ಎಂದರು.

"ತಪ್ಪಾಯ್ತತ್ತೆ."

ಬೀದಿಯ ಕೊನೆ ಬಂತು. ಮಂಡಿ ನೋಯುತ್ತಿರಬೇಕು ಎಂದು ನಾನು ವಾಪಸ್ ಹೊರಡಲು ತಿರುಗಿದೆ. ಅತ್ತೆ ನಿಲ್ಲಲೇ ಇಲ್ಲ. ಅವರನ್ನು ಹಿಡಿಯಲು ನಾನು ಓಡಬೇಕಾಯಿತು.