ಕೆಳಗಿನ ಬೀದಿಯ ಕಿಟಕಿಗಳು

ಮೈಕಣ್ಣನ ಗಂಟಲಿಗೊಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಏನೇ ಕೂಗಲಿ, ಕೊನೆಗೊಂದು ಬಾಲ ಸೇರಿಸದೆ ಮೈಕು ಕೆಳಗಿಡುತ್ತಿರಲಿಲ್ಲ. ಚುನಾವಣೆಯ ದಿನಗಳಲ್ಲಿ ವ್ಯಾನಿನಲ್ಲಿ ಕೂತು ಊರೆಲ್ಲ ಸುತ್ತಿ, "ಹಳೇ ಪೈಪು ತೆಗೀತೀವಿ, ಹೊಸ ಪೈಪು ಹಾಕ್ತೀವಿ! ನಿಮ್ಮ ಮನೆಯ ನಗುವೇ ನಮ್ಮ ಗುರಿ!" ಎಂದು ಅರಚಿದ ಅಭ್ಯಾಸ ಅದು. ಅವನ ಪಕ್ಷ ಗೆದ್ದಿತು. ಗೆದ್ದವರಿಗೆ ಕುರ್ಚಿ ಸಿಕ್ಕಿತು, ಇವನಿಗೆ ಕೆಮ್ಮು ಸಿಕ್ಕಿತು.

ಜೊತೆಗೆ ಭಾವನ ಜಗಳವೂ ಸಿಕ್ಕಿತು. ಅಕ್ಕನ ಗಂಡ ಸೋತ ಪಕ್ಷದ ಕಟ್ಟಾಳು. ಅವನಿದ್ದ ಕೆಳಗಿನ ಬೀದಿಯ ತುಂಬ ಅಂಥವರೇ. ಗೆದ್ದ ದಿನ ಮೈಕಣ್ಣ ಬೇಕೆಂದೇ ಅಕ್ಕನ ಮನೆಯ ಮುಂದೆ ವ್ಯಾನು ನಿಲ್ಲಿಸಿ, ಆ ನಗುವಿನ ಮಾತನ್ನು ಗಂಟಲು ಹರಿಯುವಂತೆ ಕೂಗಿದ್ದ. ಭಾವ ಹೊರಗೆ ಬಂದು, "ಇನ್ಮೇಲೆ ಈ ಹೊಸಿಲು ತುಳಿದು ನೋಡು!" ಎಂದಿದ್ದ. ತುಳಿಯಲಿಲ್ಲ, ಮೈಕಣ್ಣನಿಗೂ ಬಿಗುಮಾನ ಇರಬೇಡವೇ? ಆದರೆ ಅಮ್ಮ ಇದ್ದದ್ದು ಆ ಮನೆಯಲ್ಲೇ. ಅಮ್ಮನ ಮುಖ ನೋಡಿ ತಿಂಗಳುಗಳೇ ಕಳೆದಿದ್ದವು.

ಒಂದು ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು ಕರೆಸಿದರು. ಕೊಳಚೆ ನೀರು ಕುಡಿಯುವ ನೀರಿನ ಪೈಪಿಗೆ ಸೇರಿದೆ, ದುರಸ್ತಿಯಾಗುವವರೆಗೆ ಎಲ್ಲರೂ ನೀರು ಕುದಿಸಿಯೇ ಕುಡಿಯಬೇಕು, ಊರೆಲ್ಲ ಸಾರಿಕೊಂಡು ಬಾ ಎಂದರು. ಮೈಕಣ್ಣ ಹೊರಟ. ಮೇಲಿನ ಬೀದಿಯವರು ಅವನ ಪಕ್ಷದವರು. ಅವನ ದನಿ ಕೇಳಿದ್ದೇ ತಡ ಪಾತ್ರೆಗಳನ್ನು ಒಲೆಗೇರಿಸಿದರು. ಕೆಳಗಿನ ಬೀದಿಗೆ ವ್ಯಾನು ತಿರುಗಿದ ಕೂಡಲೇ ಕಿಟಕಿಗಳು ಒಂದರ ಹಿಂದೊಂದು ದಡಾರನೆ ಮುಚ್ಚಿಕೊಂಡವು.

ಕೆಲವೇ ದಿನಗಳಲ್ಲಿ ಡಾಕ್ಟರಮ್ಮನಿಂದ ಮತ್ತೆ ಕರೆ ಬಂತು.

"ವಾಂತಿ ಭೇದಿ ಅಂತ ಬರ್ತಿರೋರೆಲ್ಲ ಕೆಳಗಿನ ಬೀದಿಯೋರೇ. ಅಲ್ಲಿ ಏನಂತ ಕೂಗಿದೆ?"

"ನೀವು ಹೇಳಿಕೊಟ್ಟಿದ್ದೇ ಮೇಡಂ. ನೀರು ಕುದಿಸಿ ಕುಡಿಯಿರಿ, ರೋಗದಿಂದ ದೂರವಿರಿ, ನಿಮ್ಮ ಮನೆಯ ನಗುವೇ ನಮ್ಮ ಗುರಿ!"

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಮೈಕಣ್ಣ ನಾಲಿಗೆ ಕಚ್ಚಿಕೊಂಡ. ಅಮ್ಮನ ನೆನಪಾಯಿತು. ಹೋದ ವರ್ಷ ಕಾಮಾಲೆಯಾಗಿ ಅವಳು ಬದುಕಿದ್ದೇ ಹೆಚ್ಚು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ನೀರು ಕುದಿಸ್ತಿದ್ದೀಯ ತಾನೆ?"

"ಯಾಕಪ್ಪಾ ಕುದಿಸ್ಬೇಕು? ಹೊಸ ಪೈಪು ಅಂತ ಕಿರುಚಿದ್ದೂ ನೀನೇ, ನೀರು ಕೆಟ್ಟಿದೆ ಅಂತ ಕಿರುಚೋದೂ ನೀನೇ. ಇದೆಲ್ಲ ಜನರನ್ನ ಹೆದರಿಸಿ ಇಟ್ಕೊಳ್ಳೋ ನಾಟಕ ಅಂತಾರೆ ನಿಮ್ಮ ಭಾವ."

"ಅಮ್ಮನಿಗಾದ್ರೂ ಕುದಿಸಿ ಕೊಡೇ!"

"ಅಮ್ಮ ಚೆನ್ನಾಗಿದ್ದಾಳೆ. ನಿನಗೆ ಅಷ್ಟು ಕಾಳಜಿ ಇದ್ರೆ ಬಂದು ನೋಡ್ತಿದ್ದೆ." ಅಕ್ಕ ಫೋನು ಇಟ್ಟುಬಿಟ್ಟಳು.

ಅವತ್ತೇ ಮೈಕಣ್ಣ ಹೋಗಬಾರದ ಕಡೆ ಹೋದ. ಸೋತ ಪಕ್ಷಕ್ಕೂ ಒಬ್ಬ ಕೂಗುವವನಿದ್ದ. ಕಂಚಿನಂಥ ದನಿಯವನಾದ್ದರಿಂದ ಊರವರು ಅವನನ್ನು ಕಂಚು ಎಂದೇ ಕರೆಯುತ್ತಿದ್ದರು. ಚುನಾವಣೆಯಲ್ಲಿ ಇಬ್ಬರೂ ಎದುರುಬದುರಾಗಿ ವ್ಯಾನು ನಿಲ್ಲಿಸಿಕೊಂಡು ಒಬ್ಬರ ಜನ್ಮ ಒಬ್ಬರು ಜಾಲಾಡಿದವರು. ಕಂಚು ತನ್ನ ರಿಪೇರಿ ಅಂಗಡಿಯಲ್ಲಿ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಜೊತೆಗೆ ಬಂದು ಕೂಗು ಎಂದು ಮೈಕಣ್ಣ ಬೇಡಿದ್ದನ್ನೆಲ್ಲ ಕೇಳಿಸಿಕೊಂಡ.

"ನಾನು ಹೇಳಿದ್ರೆ ನಮ್ಮೋರು ನಂಬ್ತಾರೆ, ನಿಜ. ಆದ್ರೆ ನಿನ್ನ ಪಕ್ಕ ಕೂತು ಹೇಳಿದ್ರೆ ನನ್ನನ್ನೂ ಖರೀದಿ ಮಾಡಿದ್ರು ಅಂತಾರೆ. ಮೊದಲು ನೀನು ಮಾತಾಡು. ಹೊಸ ಪೈಪು ಹಾಕಿಸಿದ್ರಾ?"

"ಇಲ್ಲ."

"ಅದನ್ನೇ ಮೈಕಲ್ಲಿ ಹೇಳು."

"ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲೋ! ಪಕ್ಷದೋರು ಇನ್ನು ನನ್ನನ್ನ ಹತ್ತಿರ ಸೇರಿಸಲ್ಲ."

"ಗಂಟಲು ನಿಂದು, ಅಮ್ಮನೂ ನಿನ್ನೋಳೇ," ಎಂದು ಕಂಚು ಫ್ಯಾನಿಗೆ ಎಣ್ಣೆ ಬಿಡತೊಡಗಿದ.

ಸಂಜೆ ವ್ಯಾನು ಕೆಳಗಿನ ಬೀದಿಗೆ ಬಂದಾಗ ಕಿಟಕಿಗಳು ಎಂದಿನಂತೆ ಮುಚ್ಚಿದವು. ಕಂಚು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಮೈಕಣ್ಣ ಮೈಕು ಹಿಡಿದ.

"ಹಳೇ ಪೈಪು ತೆಗೀತೀವಿ ಅಂತ ಕೂಗಿದೋನು ನಾನೇ. ತೆಗೀಲಿಲ್ಲ. ತಪ್ಪು ನಮ್ಮೋರದೇ."

ಒಂದು ಕಿಟಕಿ ಕಿರ್ ಎಂದು ತೆರೆಯಿತು. ಒಳಗಿನಿಂದ ಮುದುಕರೊಬ್ಬರು, "ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಪ್ಪಾ!" ಎಂದರು. ಚೆನ್ನಾಗೇ ಕೇಳಿಸಿತ್ತು, ಆ ರುಚಿ ಇನ್ನೊಮ್ಮೆ ಬೇಕಿತ್ತು ಅಷ್ಟೇ. ಮೈಕಣ್ಣ ಮತ್ತೆ ಹೇಳಿದ. ಎದುರು ಮನೆಯವರು ತಮಗೂ ಕೇಳಿಸಲಿಲ್ಲ ಎಂದರು. ನೋಡನೋಡುತ್ತ ಬೀದಿಯ ಕಿಟಕಿಗಳೆಲ್ಲ ತೆರೆದವು. ಯಾರೋ ಶಿಳ್ಳೆ ಹೊಡೆದರು. ಆಗ ಕಂಚು ಮೈಕು ಕಿತ್ತುಕೊಂಡ.

"ಕೇಳಿದ್ರಲ್ಲ? ಆ ಹಳೇ ಪೈಪಲ್ಲೇ ಈಗ ಕೊಳಚೆ ಬರ್ತಿದೆ. ಇವರನ್ನ ಬೈಯೋದು ಬಹಳ ಇದೆ, ಬೈಯೋಕೆ ಮೈಯಲ್ಲಿ ಕಸುವು ಬೇಕು. ನೀರು ಕುದಿಸಿ ಕುಡೀರಿ!"

ಅಡುಗೆಮನೆಗಳಲ್ಲಿ ಪಾತ್ರೆಗಳ ಸದ್ದು ಶುರುವಾಯಿತು. ಭಾವ ಹೊರಗೆ ಬಂದ, ಚುನಾವಣೆ ತಾನೇ ಗೆದ್ದಂತೆ ಮುಖ ಅರಳಿಸಿಕೊಂಡು. "ಪೈಪು ಸರಿಯಿಲ್ಲ ಅಂತ ನಾನು ಅವತ್ತೇ ಬಡ್ಕೊಂಡಿರಲಿಲ್ವಾ?" ಎಂದವನು ಒಳಕ್ಕೆ ತಿರುಗಿ, "ಲೇ, ದೊಡ್ಡ ಪಾತ್ರೇಲೇ ನೀರಿಡೇ!" ಎಂದು ಕೂಗಿದ.

ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಸ್ವಲ್ಪ ಸೊರಗಿದ್ದಳು, ಆದರೆ ಕಣ್ಣು ಹಳದಿಯಾಗದೆ ಬೆಳ್ಳಗೇ ಇದ್ದವು. ಮೈಕಣ್ಣನಿಗೆ ಹೋದ ಜೀವ ಬಂದಂತಾಯಿತು.

"ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತೋ," ಎಂದಳು. "ನೀನು ಬಂದಾಗೆಲ್ಲ ಇವರು ಕಿಟಕಿ ಹಾಕ್ಬಿಡ್ತಾರೆ."

ತಾನು ಬೀದಿಗೆ ಬಂದಾಗಲೆಲ್ಲ ಆ ಮುಚ್ಚಿದ ಕಿಟಕಿಯ ಹಿಂದೆ ಅಮ್ಮ ಹೀಗೇ ಬಂದು ನಿಲ್ಲುತ್ತಿದ್ದಳೇನೋ ಎಂದು ಅವನಿಗೆ ಈಗ ಹೊಳೆಯಿತು. ಕಂಚುವಿನ ಕೈಯಿಂದ ಮೈಕು ಇಸಿದುಕೊಂಡ. ಬಾಲಕ್ಕಾಗಿ ನಾಲಿಗೆ ತಡಕಾಡಿತು, ಸಿಗಲಿಲ್ಲ.

"ಅಮ್ಮಾ, ನಾಳೆ ಬರ್ತೀನಮ್ಮಾ," ಎಂದ. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು.

ಭಾವ ಬಾಗಿಲಿನಿಂದ ಪಕ್ಕಕ್ಕೆ ಸರಿದ. "ನಾಳೆ ಯಾಕೆ? ಆ ದರಿದ್ರ ಮೈಕು ಆರಿಸಿ ಒಳಗೆ ಬಾ. ನೀರು ಕುದಿದು ಆರೋವರೆಗೂ ಮಾತಾಡ್ಬಹುದು."

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಪಕ್ಷದ ಕಚೇರಿಯದ್ದು. ಬಡಿದುಕೊಳ್ಳಲಿ ಎಂದು ಬಿಟ್ಟು, ಮೈಕಣ್ಣ ಹೊಸಿಲು ತುಳಿದ.