ಕಾರವಾತಿಯ ಗಿಡ್ಡ ಲಂಗ

ಪ್ಯಾರಿಸ್ಸಿನ ಹೆಂಗಸರು ಸೊಂಟದ ಹಿಂದೆ ದಿಂಬು ಕಟ್ಟಿಕೊಂಡು ಅದರ ಮೇಲೆ ಲಂಗ ಹರಡಿ ಓಡಾಡುತ್ತಿದ್ದ ಕಾಲವದು, 1885. ನಾನು, ಎವಾರಿಸ್ತ್, ಒಂದು ದೊಡ್ಡ ನಾಟಕಶಾಲೆಯ ಹೊಲಿಗೆ ಕೋಣೆಗೆ ಯಜಮಾನ. ಬೀದಿಯಲ್ಲಿ ದಿಂಬು ಒಂದು ಅಂಗುಲ ಬೆಳೆದರೆ ರಂಗದ ಮೇಲೆ ಎರಡು ಅಂಗುಲ ಬೆಳೆಸುತ್ತಿದ್ದೆ. ಬ್ಯಾಲೆಯಲ್ಲಿ ಕುಣಿಯುವವಳು ಗ್ರೀಕ್ ದೇವತೆಯಾಗಲಿ, ಈಜಿಪ್ಟಿನ ರಾಣಿಯಾಗಲಿ, ನನ್ನ ಕೈ ದಾಟಿ ಹೊರಬಿದ್ದ ಮೇಲೆ ಆ ವಾರದ ಪ್ಯಾರಿಸ್ಸಿನವಳೇ. ಅದನ್ನೇ ಕಲೆ ಎಂದುಕೊಂಡಿದ್ದೆ. ಆ ಬಟ್ಟೆಯಲ್ಲಿ ಉಸಿರಾಡಲು ಆಗುತ್ತದೆಯೇ ಎಂದು ಯಾರನ್ನೂ ಕೇಳಿದವನಲ್ಲ.

ಆ ವಸಂತದಲ್ಲಿ ಮಿಲಾನಿನಿಂದ ಎರ್ಸೀಲಿಯಾ ಕಾರವಾತಿ ಬಂದಳು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಹೆಬ್ಬೆರಳ ತುದಿಯ ಮೇಲೆ ನಿಂತು ಬುಗುರಿಯಂತೆ ಸುತ್ತುತ್ತಾಳೆ ಎಂದು ಹೆಸರಾಗಿತ್ತು. ನಾನು ಹೊಲಿದ ಉಡುಪನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದೇನು ಮಾಸ್ಟ್ರೇ, ಡೇರೆನಾ?"

"ಲಂಗ, ಅಮ್ಮಾವ್ರೇ. ಹದಿನಾಲ್ಕು ಪದರ. ಈಗ ಇದೇ ಫ್ಯಾಷನ್ನು."

"ಫ್ಯಾಷನ್ನು ಕುಣಿಯುತ್ತಾ? ಕುಣಿಯೋಳು ನಾನು. ಈ ದಿಂಬು ಕಿತ್ತಾಕಿ, ಮಂಡಿ ಮೇಲಕ್ಕೆ ಕತ್ತರಿಸಿ."

ಮಂಡಿ ಮೇಲಕ್ಕೆ! ನನ್ನ ಮೀಸೆ ತಾನಾಗಿಯೇ ನೆಟ್ಟಗಾಯಿತು. ಇಪ್ಪತ್ತೆರಡು ವರ್ಷದ ಅನುಭವದ ಬಗ್ಗೆ ಒಂದು ಭಾಷಣ ಬಿಗಿದೆ. ಅವಳು ಆಕಳಿಸುತ್ತ ಪೂರ್ತಿ ಕೇಳಿದಳು.

"ಸರಿ. ಇದನ್ನ ನೀವೇ ಹಾಕ್ಕೊಂಡು ಮೂರು ಸುತ್ತು ಸುತ್ತಿ ತೋರ್ಸಿ. ಸುತ್ತಿದ್ರೆ ಬಾಯಿ ಮುಚ್ಕೊಂಡು ನಾನೂ ಹಾಕ್ಕೋತೀನಿ."

ಬುದ್ಧಿ ಇದ್ದವನು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಕೋಣೆಯಲ್ಲಿದ್ದ ಹೊಲಿಗೆಯ ಹೆಂಗಸರೆಲ್ಲ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ಅದೇನು ಮಹಾ!" ಎಂದುಬಿಟ್ಟೆ.

ಹಿರಿಯ ಹೊಲಿಗೆಯವಳು ಒನೊರೀನ್, ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ತಿಮಿಂಗಿಲದ ಎಲುಬಿನ ಕಡ್ಡಿಗಳಿದ್ದ ಕುಪ್ಪಸದ ದಾರ ಎಳೆದಳು. ಹದಿನೈದು ವರ್ಷದಿಂದ ನನ್ನಿಂದ ಬೈಸಿಕೊಂಡವಳು, ಅಷ್ಟನ್ನೂ ಆ ದಾರಕ್ಕೆ ಹಾಕಿದಳು.

"ಸಾಕು ಮಾರಾಯ್ತಿ, ಸಾಯ್ತೀನಿ!"

"ಇನ್ನೆರಡು ಅಂಗುಲ ಇದೆ ಮಾಸ್ಟ್ರೇ. ನೀವೇ ಹೇಳ್ತಿದ್ರಲ್ಲ, ಬಿಗಿ ಇಲ್ದಿದ್ರೆ ಅಂದ ಇಲ್ಲ ಅಂತ."

ಮೊದಲ ಸುತ್ತು ಹೇಗೋ ಮುಗಿಯಿತು. ಎರಡನೆಯದರಲ್ಲಿ ನಾನು ನಿಂತರೂ ದಿಂಬು ನಿಲ್ಲಲಿಲ್ಲ. ತನ್ನ ದಾರಿ ತಾನು ಹಿಡಿದು ನನ್ನನ್ನೂ ಎಳೆದುಕೊಂಡು ಹೋಯಿತು. ಮೂರನೆಯದನ್ನು ಸುತ್ತು ಎನ್ನಲಾಗದು. ಟಕ್ಕೆಂದು ಏನೋ ಮುರಿಯಿತು, ತಿಮಿಂಗಿಲದ ಎಲುಬೋ ನನ್ನದೋ ತಿಳಿಯಲಿಲ್ಲ. ಅಂಗಾತವಾದ ಜೀರುಂಡೆಯಂತೆ ಹದಿನಾಲ್ಕು ಪದರಗಳ ನಡುವೆ ಕೈಕಾಲು ಆಡಿಸುತ್ತ ಬಿದ್ದಿದ್ದೆ. ಎಬ್ಬಿಸಬೇಕಾದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗದೆ ಬಂದು ದಾರ ಬಿಚ್ಚಿದವಳು ಕಾರವಾತಿ ಒಬ್ಬಳೇ.

"ಈಗ ಕತ್ತರಿಸ್ತೀರಾ?" ಎಂದು ಮೆಲ್ಲಗೆ ಕೇಳಿದಳು.

ಕತ್ತರಿಸಿದೆ. ದಿಂಬು ಹೋಯಿತು, ಎಂಟು ಪದರ ಹೋದವು, ಅಂಚು ಮಂಡಿಯ ಮೇಲೆ ಬಂತು.

ಮೊದಲ ಪ್ರದರ್ಶನದ ದಿನ ಅವಳು ರಂಗಕ್ಕೆ ಬಂದಾಗ ಮುಂದಿನ ಸಾಲಿನ ಮುದುಕರು ಮುಖ ಸಿಂಡರಿಸಿದರು, ದುರ್ಬೀನನ್ನು ಮಾತ್ರ ಕೆಳಗಿಳಿಸಲಿಲ್ಲ. ನಾಟಕಶಾಲೆಯ ಮ್ಯಾನೇಜರ್, ಪೆಲ್ತಿಯೇ ಎಂಬವನು, ಪರದೆಯ ಹಿಂದೆ ನುಗ್ಗಿ ಬಂದ.

"ಯಾವನಯ್ಯಾ ಇದನ್ನ ಕತ್ತರಿಸಿದ್ದು? ನನ್ನ ಮಾನ ಕಳೆದ್ನಲ್ಲ!"

ಇಲ್ಲಿ ನಾನು ಎದೆ ಸೆಟೆಸಿ ನಿಂತೆ ಎಂದು ಬರೆಯಲು ಆಸೆ. ನಿಜವಾಗಿ ನನ್ನ ಬಾಯಿಂದ ಬಂದದ್ದು: "ಅವಳೇ ಸಾರ್. ನನ್ನ ಕತ್ತರಿ ಕದ್ದು ಕತ್ತರಿಸ್ಕೊಂಡ್ಳು."

ಅಷ್ಟರಲ್ಲಿ ಕುಣಿತ ಮುಗಿಸಿ ಒಳಗೆ ಬಂದ ಕಾರವಾತಿಗೆ ಅದು ಕೇಳಿಸಿತು. ಏದುಸಿರು ಬಿಡುತ್ತಲೇ, "ಹೌದು, ನಾನೇ ಕತ್ತರಿಸ್ಕೊಂಡೆ," ಎಂದಳು. ಆ ಕ್ಷಣಕ್ಕೆ ಮೇಲಿನ ಗ್ಯಾಲರಿಯಿಂದ ಚಪ್ಪಾಳೆ ಶುರುವಾಯಿತು. ಅವಳನ್ನು ಆರು ಸಲ ಮತ್ತೆ ಕರೆದರು.

ಮರುದಿನ ಪತ್ರಿಕೆಗಳು, ಹೆಣ್ಣಿನ ಕಾಲಿಗೆ ಕುಣಿಯಲು ಜಾಗ ಕೊಟ್ಟ ಉಡುಪು ಎಂದು ಹೊಗಳಿದವು. ನಾನು ಕೋಟು ಉಜ್ಜಿಕೊಂಡು ಮ್ಯಾನೇಜರ್ ಬಳಿ ಓಡಿದೆ.

"ಸಾರ್, ನಿಜ ಹೇಳ್ಬೇಕಂದ್ರೆ ಅದನ್ನ ಕತ್ತರಿಸಿದ್ದು ನಾನೇ."

"ಏನಯ್ಯಾ ಎವಾರಿಸ್ತ್, ಆ ಹೆಣ್ಮಗಳ ಹೆಸರು ಹೊಡ್ಕೊಳ್ಳೋಕೆ ಬಂದ್ಯಾ? ನಾಚಿಕೆ ಆಗಲ್ವಾ?"

ಆಗುತ್ತಿತ್ತು, ಆದರೆ ಅವನು ಅಂದುಕೊಂಡ ಕಾರಣಕ್ಕಲ್ಲ. ವಾರದೊಳಗೆ ಉಳಿದ ನರ್ತಕಿಯರೆಲ್ಲ ಬಂದು "ಕಾರವಾತಿ ಲಂಗ" ಬೇಕೆಂದರು. ನಾನೇ ಹೊಲಿದೆ.

ಕ್ಷಮೆ ಕೇಳಲು ಹೋಗುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ದಾರಿಯುದ್ದಕ್ಕೂ ಸೊಗಸಾದ ಮಾತು ಜೋಡಿಸಿಕೊಂಡಿದ್ದೆ. ಅವಳು ತನ್ನ ಕೋಣೆಯಲ್ಲಿ ಉಪ್ಪುನೀರಿನ ಬೋಗುಣಿಯಿಂದ ಪಾದ ಎತ್ತುತ್ತಿದ್ದಳು. ಉಗುರು ಕಿತ್ತು ಹೋಗಿತ್ತು, ಬೆರಳುಗಳು ಒಡೆದು ರಕ್ತ ಒಸರುತ್ತಿತ್ತು. ಅಷ್ಟು ವರ್ಷ ನಾನು ಸೊಂಟದಿಂದ ಅಂಚಿನವರೆಗೆ ಮಾತ್ರ ಅಳೆದವನು. ಅಂಚಿನ ಕೆಳಗಿದ್ದದ್ದನ್ನು ಅವತ್ತೇ ಕಂಡದ್ದು.

ಜೋಡಿಸಿದ್ದ ಮಾತೆಲ್ಲ ಮರೆತುಹೋಯಿತು.

"ಏನ್ ನಿಂತ್ಬಿಟ್ರಿ ಮಾಸ್ಟ್ರೇ? ಆ ಟವೆಲ್ ಕೊಡಿ."

ನೆಲಕ್ಕೆ ಕೂತು ಟವೆಲು ಹಿಡಿದೆ. "ತಪ್ಪಾಯ್ತಮ್ಮಾ," ಎಂದೆ, ಪಾದಕ್ಕೆ ಹೇಳುವವನಂತೆ.

"ಗೊತ್ತು," ಎಂದಳು ಅವಳು. "ಮೆಲ್ಲಗೆ ಒರಸಿ, ಉರಿಯುತ್ತೆ."